ನೂರ ಹದಿನಾರು ಜನರ ಉಸಿರು

ಉಸಿರು ಗಣತಿಯ ಆ ಮೂರು ದಿನಗಳಲ್ಲಿ ದುರುಗೇಶ ನೂರ ಹದಿನಾರು ಜನರ ಉಸಿರು ಊದಿದ.

ಹೆಬ್ಬೆರಳು ಅವರವರದೇ. ಬಾಯಿ ಮಾತ್ರ ಇವನದು. ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನ ಸಮುದಾಯ ಭವನದಲ್ಲಿ ಹಸಿರು ಪರದೆ ಕಟ್ಟಿ, ಅದರ ಹಿಂದೆ ಉಸಿರು ಮಂಡಳಿಯ ಯಂತ್ರ ಇಟ್ಟಿದ್ದರು. ಯಂತ್ರವೆಂದರೆ ದೊಡ್ಡದೇನಲ್ಲ, ಹೊಲಿಗೆ ಮಿಷನ್ನಿನಷ್ಟು ಗಾತ್ರದ ಪೆಟ್ಟಿಗೆ. ಒಂದು ಬದಿಗೆ ಹೆಬ್ಬೆರಳು ಒತ್ತುವ ಗಾಜು, ಇನ್ನೊಂದು ಬದಿಗೆ ರಬ್ಬರ್ ಕೊಳವೆ. ಎದೆ ತುಂಬ ಗಾಳಿ ಎಳೆದುಕೊಂಡು ಒಂದೇ ದಮ್ಮಿಗೆ ಊದಬೇಕು. ಊದಿದವರ ವಯಸ್ಸಿಗೆ, ಎತ್ತರಕ್ಕೆ ಎಷ್ಟು ಗಾಳಿ ಬರಬೇಕಿತ್ತೋ ಅದರಲ್ಲಿ ನೂರಕ್ಕೆ ಎಷ್ಟು ಬಂತೆಂದು ಪೆಟ್ಟಿಗೆ ಹೇಳುತ್ತಿತ್ತು. ಅಷ್ಟೇ ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅದು ಅಲ್ಲಿಗೆ ನಿಲ್ಲದೆ, ಈ ಎದೆಯವರು ಸಾಯುವವರೆಗೆ ಸಮಾಜಕ್ಕೆ ಎಷ್ಟು ರೂಪಾಯಿ ಭಾರ ಎಂಬುದನ್ನೂ ಚೀಟಿಯಲ್ಲಿ ಅಚ್ಚುಹಾಕಿ ಕೊಡುತ್ತಿತ್ತು. ಔಷಧಿಗೆ ಇಷ್ಟು, ಆಸ್ಪತ್ರೆಯ ಮಂಚಕ್ಕೆ ಇಷ್ಟು, ಕೆಲಸ ತಪ್ಪಿದ ದಿನಗಳಿಗೆ ಇಷ್ಟು, ಪಕ್ಕದಲ್ಲಿ ಕೂತು ಬೆನ್ನು ತಿಕ್ಕಿದವರ ಕೂಲಿ ಹೋದದ್ದಕ್ಕೆ ಇಷ್ಟು. ಕೆಳಗೆ ದಪ್ಪ ಅಕ್ಷರದಲ್ಲಿ: ಒಟ್ಟು ಹೊರೆ.

ಅರವತ್ತಕ್ಕಿಂತ ಕೆಳಗೆ ಊದಿದವನು ಸರ್ಕಾರದ ಭಾಷೆಯಲ್ಲಿ ರೋಗಿಯಲ್ಲ, ‘ಹೊರೆದಾರ’. ಹೊರೆದಾರನನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕ ವರ್ಷಾವರ್ಷ ಆ ಹೊರೆಯ ಕಾಲು ಭಾಗ ಕಟ್ಟಬೇಕು. ದುಡ್ಡು ಕಟ್ಟಬೇಕಾಗಿ ಬಂದರೆ ಮಾಲೀಕ ಹೊಗೆ ಕಡಿಮೆ ಮಾಡುತ್ತಾನೆಂದು ಕಾನೂನು ಮಾಡಿದವರ ಎಣಿಕೆ. ಎಂಥ ಬುದ್ಧಿ! ಹೊಗೆ ಕಡಿಮೆ ಮಾಡಲು ಹೊಸ ಒಲೆ ಕಟ್ಟಿಸಬೇಕು. ಆಳು ಕಡಿಮೆ ಮಾಡಲು ‘ನಾಳೆಯಿಂದ ಬರಬೇಡ’ ಎಂದರೆ ಸಾಕು. ಮೊದಲನೇ ವರ್ಷವೇ ಊರಿನ ಬೇರೆ ಬೇರೆ ಕಡೆ ನಾನೂರು ಜನರನ್ನು ಮನೆಗೆ ಕಳಿಸಿದರು. ಮನೆಗೆ ಹೋದವರು ಯಾವ ಮಾಲೀಕನ ಹೊರೆಯೂ ಅಲ್ಲ, ಹಾಗಾಗಿ ಪಟ್ಟಿಯಿಂದಲೂ ಹೋದರು. ರಾಜ್ಯದ ಹೊರೆ ಇಳಿಯಿತೆಂದು ಪತ್ರಿಕೆಗಳಲ್ಲಿ ಫೋಟೋ ಸಮೇತ ಬಂತು.

ಭಟ್ಟಿ ಸಾಲಿನಲ್ಲಿ ಮಾತ್ರ ಒಬ್ಬರ ಕೆಲಸವೂ ಹೋಗಲಿಲ್ಲ. ಅದಕ್ಕೆ ಕಾರಣ ಪರದೆ.

ಊದುವಾಗ ಕೆನ್ನೆ ಉಬ್ಬುತ್ತದೆ, ಕಣ್ಣು ಹೊರಗೆ ಬರುತ್ತದೆ. ಕೆಮ್ಮು ಹತ್ತಿದರೆ ಸೀರೆ ಒದ್ದೆಯಾಗುವಷ್ಟು ಸೋತುಹೋದ ಮೈ ಎಷ್ಟೋ ಹೆಂಗಸರದು. ಪರ ಗಂಡಸು ನೋಡುತ್ತಿರುವಾಗ ಆ ಅವತಾರ ತಮ್ಮಿಂದಾಗದೆಂದು ಸಾಲಿನ ಹೆಂಗಸರು, ಹಿಂದೂ ಮುಸ್ಲಿಂ ಎನ್ನದೆ, ಭವನದ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಪರದೆ ಬಂತು. ತಲೆಸುತ್ತಿ ಬಿದ್ದರೆ ಹಿಡಿದುಕೊಳ್ಳಲು ಒಳಗೊಬ್ಬ ನಂಬಿಕಸ್ಥ ಬೇಕಾಯಿತು. “ಸನಾದಿ ದುರುಗೇಶ ಇರ್ಲಿ ಬಿಡ್ರಿ. ಎಲ್ರ ಮದುವಿಗೂ ಊದ್ಯಾನೆ, ನಮ್ಮ ಮನಿ ಹುಡುಗ” ಎಂದರು. ಹೊರಗೆ ಕೂತ ಗುಮಾಸ್ತನಿಗೆ ತೆರೆಯ ಮೇಲೆ ಹೆಸರು ಕಾಣುತ್ತಿತ್ತು, ಅಂಕಿ ಕಾಣುತ್ತಿತ್ತು. ಬಾಯಿ ಕಾಣುತ್ತಿರಲಿಲ್ಲ.

ದುರುಗೇಶನ ಮನೆತನದವರು ತಲೆಮಾರುಗಳಿಂದ ಸನಾದಿ ಊದುವವರು. ಮೂಗಿನಿಂದ ಗಾಳಿ ಎಳೆಯುತ್ತಲೇ ಕೆನ್ನೆಯಲ್ಲಿಟ್ಟ ಗಾಳಿ ಬಿಡುತ್ತ, ಸ್ವರ ಕಡಿಯದಂತೆ ಕಾಲು ಗಂಟೆ ಊದಬಲ್ಲ ಎದೆ ಅವನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಮೊದಲ ವರ್ಷ ಅಕ್ಕ ರೇಣವ್ವನ ಪಾಳಿ ಬಂದಾಗ, ಅವಳ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿ, ಕೊಳವೆಯನ್ನು ತನ್ನ ಬಾಯಿಗಿಟ್ಟುಕೊಂಡ. ಹಿಂದೆ ನಿಂತಿದ್ದ ಹುಸೇನ್‌ಬಿ ನೋಡಿಬಿಟ್ಟಳು. ನೋಡಿ, ಬಾಯಿ ಮುಚ್ಚಿಕೊಂಡಿರಲು ಒಂದೇ ಒಂದು ಬೆಲೆ ಕೇಳಿದಳು: ತನ್ನದನ್ನೂ ಊದಬೇಕು. ಆ ಗಣತಿ ಮುಗಿಯುವ ಹೊತ್ತಿಗೆ ಇಡೀ ಸಾಲಿಗೆ ಅವನೇ ಪುಪ್ಪುಸ; ಇದು ಮೂರನೇ ವರ್ಷ.

“ನಂಗೆ ಎಷ್ಟು ಕೊಡ್ತೀಯಪ್ಪಾ ಈ ಸಲ?” ಹುಸೇನ್‌ಬಿ ಪಿಸುಗುಟ್ಟಿದಳು. ಇಪ್ಪತ್ತೆರಡು ವರ್ಷದಿಂದ ಮಂಡಕ್ಕಿ ಭಟ್ಟಿಯ ಒಲೆಗೆ ಹಳೇ ಟೈರು ತುಂಡು ಹಾಕುವ ಕೆಲಸ ಅವಳದು.

“ಎಪ್ಪತ್ತೊಂಬತ್ತು, ಚಾಚಿ.”

“ಹೋದ ವರ್ಷ ಎಂಬತ್ನಾಕು ಕೊಟ್ಟಿದ್ದೆ. ನಾನೇನು ಪಾಪ ಮಾಡೀನಿ?”

“ವಯಸ್ಸಾಗ್ತತಿ ಚಾಚಿ. ವರ್ಷಾ ವರ್ಷಾ ಏರ್ತಾ ಹೋದ್ರೆ ಅವ್ರಿಗೆ ಡೌಟ್ ಬರ್ತತಿ.”

“ವಯಸ್ಸು ನಿಮ್ಮಜ್ಜಿಗೆ ಆಗ್ಯತಿ. ಎಂಬತ್ತು ಮಾಡು, ಸುಮ್ಕೆ.”

ದುರುಗೇಶ ಎಂಬತ್ತೇ ಊದಿದ. ಮಂದ್ರಕ್ಕೆಷ್ಟು, ತಾರಕ್ಕೆಷ್ಟು ಗಾಳಿ ಎಂದು ಬಲ್ಲವನಿಗೆ ಬೇಕಾದ ಅಂಕಿಗೆ ತಂದು ನಿಲ್ಲಿಸುವುದು ಕಷ್ಟವಿರಲಿಲ್ಲ. ಚಿಮಣಿ ಗುಡಿಸುವ ಇಮಾಮ್‌ಸಾಬಿ ಮಾತ್ರ, “ಎಂಬತ್ತೆಂಟು ಹಾಕೋ ಬೇಟಾ, ಎಲ್ಡು ಎಂಟು ಚೆಂದ ಕಾಣ್ತತಿ” ಎಂದು ಪ್ರತಿ ವರ್ಷ ಅದನ್ನೇ ಕೇಳಿ ಪಡೆಯುತ್ತಿದ್ದ.

*

ರೇಣವ್ವನ ನಿಜವಾದ ಅಂಕಿ ಮೂವತ್ತೊಂದು.

ಅದನ್ನು ಹೇಳಿದವಳು ಸಾಲಿನ ಮೂಲೆಯಲ್ಲಿದ್ದ ಉಸಿರು ಕೇಂದ್ರದ ನರ್ಸಮ್ಮ. ಕಾನೂನು ಬರುವುದಕ್ಕೂ ಮೊದಲು ಯಾರೋ ಪುಣ್ಯಾತ್ಮ ಅಧಿಕಾರಿ ಮಾಡಿಸಿ ಹೋದ ಕೇಂದ್ರ ಅದು. ಆರು ಕುರ್ಚಿ, ಆರು ಆಮ್ಲಜನಕದ ಯಂತ್ರ. ದಿನಾ ಸಂಜೆ ಎರಡು ಗಂಟೆ ಹೊತ್ತು ಆ ಕುರ್ಚಿಯಲ್ಲಿ ಕೂತು ಮೂಗಿಗೆ ನಳಿಕೆ ಹಾಕಿಕೊಂಡರೆ ರೇಣವ್ವ ಮರುದಿನ ಬೆಳಿಗ್ಗೆ ಭಟ್ಟಿಗೆ ಹೋಗಿ ಮಂಡಕ್ಕಿಯಿಂದ ಹುರಿಯುವ ಉಸುಕನ್ನು ಜರಡಿ ಹಿಡಿದು ತೆಗೆಯುವಷ್ಟು ಮನುಷ್ಯಳಾಗುತ್ತಿದ್ದಳು. ಒಂದು ದಿನ ತಪ್ಪಿದರೆ ತುಟಿ ನೀಲಿಗಟ್ಟಿ, ಮಂಚದ ಅಂಚಿಗೆ ಕೈ ಊರಿ, ಬೆನ್ನು ಬಾಗಿಸಿ ಕೂತಲ್ಲೇ ಕೂರುವಳು. ಹೆಸರು ದಾಖಲಾಗುವ ಕೇಂದ್ರವಲ್ಲವಾದ್ದರಿಂದ ಅಲ್ಲಿ ಯಾರೂ ಸುಳ್ಳು ಊದಬೇಕಾಗಿರಲಿಲ್ಲ.

ತಾಯಿ ಸತ್ತಾಗ ದುರುಗೇಶನಿಗೆ ನಾಲ್ಕು ವರ್ಷ, ರೇಣವ್ವನಿಗೆ ಹದಿನೈದು. ಆ ವರ್ಷವೇ ಅವಳು ಜರಡಿ ಹಿಡಿದದ್ದು. ಅವನು ಹಾಲುಗಲ್ಲದಲ್ಲಿ ಸನಾದಿ ಕಚ್ಚಿ ಊದುವಾಗ, ಅವಳು ಕೆಮ್ಮುತ್ತ ತಾಳ ಹಾಕುತ್ತಿದ್ದಳು. ಇವನು ಭಟ್ಟಿಯ ಒಳಗೆ ಕಾಲಿಡಕೂಡದೆಂದು ಅವಳ ಹಟ. “ನಿನ್ನ ಎದಿಗೆ ಕರಿ ಹತ್ತಿದ್ರೆ ನಾನು ಇಷ್ಟು ವರ್ಷ ಹೊಗಿ ಕುಡ್ದಿದ್ದು ನೀರಾಗೆ ಹೋದಂಗೆ” ಎನ್ನುವಳು.

ಒಂದು ಮಂಗಳವಾರ ಇಮಾಮ್‌ಸಾಬಿ ಚಿಮಣಿಯ ಬುಡದಲ್ಲೇ ಕೂತು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡುತ್ತ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸತ್ತ. ಪುಪ್ಪುಸದ ರೋಗದಿಂದ ಸತ್ತವರ ಮನೆಗೆ ಕೊಡುವ ನೆರವಿಗೆ ಅವನ ಮಗಳು ಅರ್ಜಿ ಹಾಕಿದಳು. ಅರ್ಜಿ ಹದಿನೈದೇ ದಿನಕ್ಕೆ ವಾಪಸ್ ಬಂತು. ‘ಮೃತರ ಶ್ವಾಸಬಲ ಎಂಬತ್ತೆಂಟು. ಈ ಶ್ವಾಸಬಲದವರು ಉಸಿರಾಟದ ತೊಂದರೆಯಿಂದ ಮರಣಿಸುವುದು ವೈಜ್ಞಾನಿಕವಾಗಿ ಸಾಧ್ಯವಿಲ್ಲ.’

ಆ ಹುಡುಗಿ ಕಾಗದ ತಂದು ದುರುಗೇಶನ ಕೈಗೆ ಕೊಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ಎರಡು ಎಂಟುಗಳು ಅವನ ಕಣ್ಣಿಗೆ ಚುಚ್ಚಿದವು.

*

ಇನ್ನೊಂದು ಕಡೆ, ಬೆಂಗಳೂರಿನ ಉಸಿರು ಮಂಡಳಿಯ ಕಚೇರಿಯಲ್ಲಿ, ಈ ಸಾಲು ಒಬ್ಬ ವಿಜ್ಞಾನಿಯ ಕಣ್ಣಿಗೆ ಬಿದ್ದಿತ್ತು. ಡಾ. ನಳಿನಾಕ್ಷಿ ಎಂದು ಹೆಸರು. ಮೂವತ್ತೈದರ ಹೆಂಗಸು, ಕೆಲಸದಲ್ಲಿ ಬಲು ನಿಷ್ಠೆ. ಟೈರು ಸುಡುವ ಮೂವತ್ತು ಭಟ್ಟಿಗಳ ನಡುವೆ ಬದುಕುವ ಜನರ ಎದೆ ರಾಜ್ಯದಲ್ಲೇ ಗಟ್ಟಿ ಎಂಬುದು ಅವಳಿಗೆ ಕಗ್ಗಂಟಾಯಿತು. ಜೀಪು ತುಂಬ ಹೊಗೆ ಅಳೆಯುವ ಯಂತ್ರ ಹೇರಿಕೊಂಡು ಬಂದಳು.

ಸಾಲಿನವರು ಸಿಕ್ಕಿಬಿದ್ದೆವೆಂದುಕೊಂಡರು. ಆದರೆ ಅವಳು ಕೇಳಿದ್ದೇ ಬೇರೆ.

“ನೀವೆಲ್ಲ ಏನು ತಿಂತೀರಿ? ಏನಾದ್ರೂ ವಿಶೇಷ ಅಭ್ಯಾಸ ಇದ್ಯಾ?”

ಜನರಿಗೆ ಜೀವ ಬಂತು.

“ಬೆಲ್ಲ ಮೇಡಂ. ಕೆಲ್ಸ ಮುಗಿದ್ಮ್ಯಾಗೆ ಒಂದು ಉಂಡಿ ಬೆಲ್ಲ ತಿಂದ್ರೆ ಧೂಳೆಲ್ಲ ತೊಳ್ಕಂಡು ಹೋಗ್ತತಿ.”

“ಬೆಲ್ಲ ಅಲ್ರೀ, ಹಸೀ ಶುಂಠಿ.”

“ಇವ್ಳ ಮಾತು ಕೇಳಬ್ಯಾಡ್ರಿ. ಹುಟ್ಟಿದ ಕೂಸಿಗೆ ಒಂದ್ಸಲ ಭಟ್ಟಿ ಹೊಗಿ ತೋರಿಸ್ಬೇಕು. ಆಮ್ಯಾಲೆ ಜಲ್ಮದಾಗೆ ಕೆಮ್ಮಂಗಿಲ್ಲ” ಎಂದಳು ಹುಸೇನ್‌ಬಿ. ಅಂದವಳೇ ಮನೆಯೊಳಗೆ ಓಡಿ, ದಿಂಬಿಗೆ ಮುಖ ಒತ್ತಿ ಕೆಮ್ಮಿದಳು.

ನಳಿನಾಕ್ಷಿ ಎಲ್ಲವನ್ನೂ ಬರೆದುಕೊಂಡಳು. ಆ ಸಂಜೆ ಸಾಲಿನಲ್ಲಿ ನಕ್ಕಿದ್ದೇ ನಕ್ಕಿದ್ದು. ದುರುಗೇಶನೂ ನಕ್ಕ. ಓದಿದವರನ್ನು ಒಂದು ದಿನವಾದರೂ ಏಮಾರಿಸಿದೆವೆಂಬ ಖುಷಿ. ಆ ನಗುವಿಗೆ ಎಷ್ಟು ದಂಡ ತೆರಬೇಕಾಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳಿಗೆ ವರದಿ ಹೊರಬಿತ್ತು: ‘ಹೊಗೆಗೆ ಪಳಗಿದ ಶ್ವಾಸಕೋಶ’. ಬಾಲ್ಯದಿಂದ ಭಟ್ಟಿಯ ಹೊಗೆ ಸೇವಿಸಿದ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಈ ಸಾಲಿನಲ್ಲಿ ಈಗಿರುವ ಹೊಗೆಯ ಪ್ರಮಾಣವನ್ನು ‘ನಿರಪಾಯ’ ಎಂದು ಪರಿಗಣಿಸಬಹುದು. ವರದಿಯ ಬೆನ್ನಿಗೇ ಎರಡು ಆದೇಶ. ಒಂದು, ಸಾಲಿನಲ್ಲಿ ಇನ್ನೂ ಹನ್ನೆರಡು ಭಟ್ಟಿಗೆ ಅನುಮತಿ. ಅದಕ್ಕೆ ಮುಂಚೆ ತಿಂಗಳೊಳಗೆ ದೃಢೀಕರಣಕ್ಕೆ ಒಂದು ಮರುಗಣತಿ. ಎರಡು, ರೋಗವೇ ಇಲ್ಲದ ಕಡೆ ಉಸಿರು ಕೇಂದ್ರವಿರುವುದು ದುಂದು; ಆರು ಕುರ್ಚಿಗಳನ್ನೂ ಬೇರೆಡೆಗೆ ಸಾಗಿಸತಕ್ಕದ್ದು.

ಜೊತೆಗೆ ದುರುಗೇಶನ ಹೆಸರಿಗೊಂದು ಪತ್ರ. ಅವನ ಸ್ವಂತ ಅಂಕಿ ತೊಂಬತ್ತೇಳು, ರಾಜ್ಯಕ್ಕೇ ಮೊದಲು. ಮಂಡಳಿಯವರು ಶಾಲು ಹೊದಿಸುತ್ತಾರಂತೆ, ಬರಬೇಕಂತೆ.

“ಹೋಗಿ ಬಾ. ಕುರ್ಚಿ ಒಯ್ಯಬ್ಯಾಡ್ರಿ ಅಂತ ಅಲ್ಲೇ ದೊಡ್ಡೋರಿಗೆ ಕೇಳ್ಕ” ಎಂದಳು ರೇಣವ್ವ. ಅಷ್ಟು ಹೇಳಲು ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡಳು.

*

ಏಳನೇ ಮಹಡಿಯ ಆ ಕೋಣೆಗೆ ಕಿಟಕಿಗಳೇ ಇರಲಿಲ್ಲ. ಒಳಗಿನ ಗಾಳಿ ಎಷ್ಟು ಹಗುರವಾಗಿತ್ತೆಂದರೆ ದುರುಗೇಶನಿಗೆ ಮೊದಲ ಸಲ ತನ್ನ ಅಂಗಿಯ ಹೊಗೆ ವಾಸನೆ ಮೂಗಿಗೆ ಬಡಿಯಿತು. ಗೋಡೆ ತುಂಬ ರಾಜ್ಯದ ನಕ್ಷೆ. ಒಂದೊಂದು ಓಣಿಗೂ ಒಂದೊಂದು ಚುಕ್ಕೆ. ದಾವಣಗೆರೆಯ ಮೇಲೆ ದಡಾರ ಎದ್ದಂತೆ ಕೆಂಪು, ನಡುವೆ ಒಂದೇ ಒಂದು ನೀಲಿ.

“ಅದು ನಿಮ್ಮದು” ಎಂದಳು ನಳಿನಾಕ್ಷಿ, ಅಭಿಮಾನದಿಂದ.

ನಕ್ಷೆಯ ತಲೆಯ ಮೇಲೆ ದೊಡ್ಡ ಅಂಕಿಗಳ ಸಾಲು ಹೊಳೆಯುತ್ತಿತ್ತು. ರಾಜ್ಯದ ಒಟ್ಟು ಶ್ವಾಸಹೊರೆ, ಕೋಟಿಗಳಲ್ಲಿ. ದುರುಗೇಶ ನೋಡುತ್ತಿದ್ದಂತೆಯೇ ಕೊನೆಯ ಅಂಕಿಗಳು ಸರಕ್ಕನೆ ಇಳಿದವು, ಪಕ್ಕದಲ್ಲಿ ಹಸಿರು ಬಾಣ ಮಿನುಗಿತು. ಮೇಜುಗಳಲ್ಲಿ ಕೂತವರಲ್ಲಿ ಒಬ್ಬ ತಲೆ ಎತ್ತಿ ನೋಡಿ ಸಮಾಧಾನದಿಂದ ಮತ್ತೆ ತಲೆ ತಗ್ಗಿಸಿದ.

“ಇಳೀತಲ್ಲ ಮೇಡಂ, ಯಾಕೆ?”

“ಅದು… ಯಾರೋ ಪಟ್ಟಿಯಿಂದ ಹೋದರು.”

“ಸತ್ರಾ?”

ಇನ್ನೊಂದು ಸಲ ಹಸಿರು ಬಾಣ ಮಿನುಗಿತು.

ನಿರ್ದೇಶಕ ಜಯಸಿಂಹ ಬಂದು ಶಾಲು ಹೊದಿಸಿದರು. ನೆರೆಗೂದಲು, ಮೆತ್ತನೆ ದನಿ, ಕೈಯಲ್ಲಿ ಬಿಸಿನೀರಿನ ಲೋಟ. “ನಿಮ್ಮಂಥವರು ಸಮಾಜಕ್ಕೆ ಆಸ್ತಿ ಕಣಪ್ಪ. ಒಬ್ಬ ರೋಗಿ ವರ್ಷಕ್ಕೆ ಎರಡೂವರೆ ಲಕ್ಷ ತಿಂದು ಹಾಕ್ತಾನೆ. ಯಾರ ದುಡ್ಡು ಅದು? ನಮ್ಮ ನಿಮ್ಮದೇ ಅಲ್ವಾ?”

“ಸಾರ್, ನಮ್ಮ ಸಾಲಿನ ಕುರ್ಚಿ ಬಿಡ್ರಿ. ಒಂದೆರಡು ಮಂದಿಗೆ ಬೇಕಾಗ್ತತಿ.”

“ಯಾಕೆ? ನಿಮ್ಮಲ್ಲಿ ಎಲ್ಲರದೂ ಎಪ್ಪತ್ತೈದರ ಮೇಲಿದೆಯಲ್ಲ.”

“ಅಕಸ್ಮಾತ್ ಲೆಕ್ಕ ತಪ್ಪಿದ್ರೆ?”

ಜಯಸಿಂಹ ನಕ್ಕರು. “ಲೆಕ್ಕ ತಪ್ಪಲ್ಲ. ಯಾರಾದ್ರೂ ತಪ್ಪಿಸಿದ್ದರೆ ಅವರಿಗೆ ಜೈಲು. ಊದಿದವನಿಗೂ ಸರಿ, ಊದಿಸಿದವರಿಗೂ ಸರಿ. ಮೇಲೆ ಅಷ್ಟೂ ವರ್ಷದ ಹೊರೆಶುಲ್ಕ ಬಡ್ಡಿ ಸಮೇತ ವಸೂಲಿ. ಯಾಕೆ ಕೇಳಿದೆ?”

“ಸುಮ್ನೆ ಸಾರ್.”

ಅವರು ಹೋದ ಮೇಲೆ ನಳಿನಾಕ್ಷಿ ಅವನನ್ನು ಸಮಾಧಾನ ಮಾಡುವಂತೆ ನಕ್ಷೆಯ ಹತ್ತಿರ ಕರೆದೊಯ್ದಳು. ಅಲ್ಲೊಂದು ಗಾಜಿನ ಮುಚ್ಚಳದ ಕೆಂಪು ಒತ್ತುಗುಂಡಿ ಇತ್ತು. “ನೀವು ತಿಳ್ಕೊಂಡಷ್ಟು ಕಲ್ಲೆದೆಯವರಲ್ಲ ನಾವು. ಒಂದು ಓಣಿಯ ಕೆಲಸಗಾರರೆಲ್ಲರ ಅಂಕಿಯೂ ಒಂದೇ ದಿನ ನಲವತ್ತು ಅಂಶ ಕುಸಿದರೆ, ವಿಷಾನಿಲ ಸೋರಿದೆ ಅಂತ ಯಂತ್ರವೇ ತೀರ್ಮಾನಿಸುತ್ತೆ. ಯಾರ ಅಪ್ಪಣೆಗೂ ಕಾಯಲ್ಲ. ನಲವತ್ತು ನಿಮಿಷದಲ್ಲಿ ಆಮ್ಲಜನಕದ ಲಾರಿಗಳು ಅಲ್ಲಿರುತ್ತವೆ. ಸೋರಿಕೆಯ ಮೂಲ ಸಿಗೋವರೆಗೂ ಲಾರಿ ಜಾಗ ಬಿಡೋ ಹಾಗಿಲ್ಲ. ಅಲ್ಲೀವರೆಗೆ ಯಾರ ಕೆಲಸಾನೂ ತೆಗೆಯೋ ಹಾಗಿಲ್ಲ, ಯಾರ ಮೇಲೂ ಕೇಸು ಹಾಕೋ ಹಾಗಿಲ್ಲ.”

“ಒಬ್ಬೊಬ್ರೇ ಬಿದ್ರೆ?”

“ಹಾಂ?”

“ಒಬ್ಬೊಬ್ರೇ, ವರ್ಷಕ್ಕೆ ಇಷ್ಟಿಷ್ಟು ಬಿದ್ರೆ ಲಾರಿ ಬರ್ತತಾ?”

“ಇಲ್ಲ. ಅದು… ಹೊರೆ ಲೆಕ್ಕಕ್ಕೆ ಹೋಗುತ್ತೆ.”

ಅವಳು ತನ್ನ ಸಂಶೋಧನೆಗೆಂದು ಅವನ ಕೈಗೊಂದು ಕೊಳವೆ ಕೊಟ್ಟಳು. ಅವನು ಯೋಚನೆಯಲ್ಲೇ ಊದಿದ. ತೆರೆಯ ಮೇಲೆ ಉಸಿರಿನ ಗೆರೆ ಏರಿ, ತುದಿಯಲ್ಲಿ ಸಣ್ಣದೊಂದು ನಡುಕ ಹೊಡೆದು, ನಿಧಾನ ಇಳಿಯಿತು. ಸನಾದಿಯವರು ಸ್ವರ ಬಿಡುವಾಗ ತುಟಿ ಕಚ್ಚುತ್ತಾರಲ್ಲ, ಆ ನಡುಕ. ನಳಿನಾಕ್ಷಿ ಅದನ್ನೇ ನೋಡಿದಳು. ಮತ್ತೇನೋ ಒತ್ತಿದಳು. ಹುಸೇನ್‌ಬಿಯ ಗೆರೆ ಬಂತು, ರೇಣವ್ವನದು ಬಂತು, ಸತ್ತ ಇಮಾಮ್‌ಸಾಬಿಯದು ಬಂತು. ಎಲ್ಲದರ ತುದಿಯಲ್ಲೂ ಅದೇ ನಡುಕ.

“ಎಲ್ಲ ನೀವೇ.”

“ಹಾಂ, ನಾನೇ. ಕರೀರಿ ಪೊಲೀಸ್ರನ್ನ.”

“ನನ್ನ ವರದಿ…” ಎಂದಳು ಅವಳು. “ಅದಕ್ಕೆ ಬಡ್ತಿ ಕೊಟ್ಟಿದ್ದಾರೆ ನನಗೆ.”

ದುರುಗೇಶನಿಗೆ ಸಿಟ್ಟು ನೆತ್ತಿಗೇರಿತು. “ನೂರಾ ಹದಿನೈದು ಮಂದಿ ಸಾಯಾಕೆ ಬಿದ್ದಾರೆ ಅಂತ ಗೊತ್ತಾದ್ಮ್ಯಾಗೂ ನಿಮ್ಗೆ ನೆಪ್ಪಾಗಿದ್ದು ಬಡ್ತಿನಾ? ಮೂಗು ಹಾಕಿ ಒಂದ್ಸಲ ಆ ಹೊಗಿ ಎಳ್ಕಂಡಿದ್ರೆ ಸಾಕಿತ್ತು ಮೇಡಂ, ಯಂತ್ರಾನೇ ಬೇಕಾಗಿರ್ಲಿಲ್ಲ. ನಿಮ್ಗೂ ಊದೋರು ಬೇಕಾ? ಹೇಳ್ರಿ, ಊದ್ತೀನಿ!”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಳಿನಾಕ್ಷಿ ತೆರೆ ಆರಿಸಿದಳು. ಪೊಲೀಸರನ್ನು ಕರೆಯಲಿಲ್ಲ. ವರದಿಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಶಾಲನ್ನು ಅವಳ ಕುರ್ಚಿಯ ಮೇಲೆ ಎಸೆದು ದುರುಗೇಶ ಕೆಳಗಿಳಿದ.

*

ಅವನು ಊರು ಮುಟ್ಟುವ ಹೊತ್ತಿಗೆ ಕುರ್ಚಿಗಳು ಹೋಗಿದ್ದವು. ಕೇಂದ್ರದ ನೆಲದಲ್ಲಿ ಕಾಲುಗಳ ಗುರುತು ಮಾತ್ರ ಉಳಿದಿತ್ತು.

ಮೂರನೇ ದಿನ ಮಧ್ಯಾಹ್ನ ರೇಣವ್ವ ಜರಡಿ ಹಿಡಿದಲ್ಲೇ ಕುಸಿದಳು. ಎತ್ತಿಕೊಂಡು ಬಂದು ಮನೆಯ ಹೊಸ್ತಿಲ ಗಾಳಿಗೆ ಕೂರಿಸಿದರು. ಉಗುರು ನೇರಳೆಯಾಗಿದ್ದವು. ಒಂದೊಂದು ಉಸಿರಿಗೂ ಕೊರಳಿನ ಹೊಂಡ ಒಳಕ್ಕೆ ಹೋಗುತ್ತಿತ್ತು. ದೊಡ್ಡಾಸ್ಪತ್ರೆಗೆ ಒಯ್ದರೆ ಅಲ್ಲಿಯ ಹುಡುಗ ಡಾಕ್ಟರು ಹೆಬ್ಬೆರಳು ಒತ್ತಿಸಿ, “ಎಂಬತ್ತಾರು ಇದೆಯಲ್ಲ. ಹೆದರಿಕೆಗೆ ಹೀಗಾಗುತ್ತೆ” ಎಂದು ನಿದ್ದೆ ಮಾತ್ರೆ ಬರೆದುಕೊಟ್ಟ. ಎಂಬತ್ತಾರು ದುರುಗೇಶ ಕೊಟ್ಟದ್ದು. ಅಕ್ಕನಿಗೆಂದು ಒಂದು ಹಿಡಿ ಹೆಚ್ಚೇ ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಸಾಲಿನವರನ್ನೆಲ್ಲ ಮನೆಯ ಮುಂದೆ ಸೇರಿಸಿ ಅವನು ಹೇಳಿದ: “ಬರೂ ಸೋಮವಾರ ಮರುಗಣತಿ. ಈ ಸಲ ನಾನು ಊದಲ್ಲ. ನಿಮ್ಮದು ನೀವೇ ಊದ್ರಿ.”

ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

“ತಲಿ ಕೆಟ್ಟೈತೇನಲೇ? ಹೊಟ್ಟಿಗೆ ಏನು ನಿನ್ನ ಸನಾದಿ ತಿನ್ನಾನಾ?”

“ಬೆಂಗಳೂರಾಗೆ ಶಾಲು ಹೊದಿಸ್ಕಂಡು ಬಂದಾನೆ, ಅದಕ್ಕೆ ಹಿಂಗೆ ಮಾತಾಡ್ತಾನೆ!”

ದುರುಗೇಶ ಕೂಗಿದ. ಕೆಂಪು ಗುಂಡಿಯ ಮಾತು ಹೇಳಿದ, ಲಾರಿಯ ಮಾತು ಹೇಳಿದ. “ಒಬ್ರು ಬಿದ್ರೆ ಹೊರೆ ಅಂತಾರೆ. ಎಲ್ರೂ ಒಂದೇ ದಿನ ಬಿದ್ರೆ ದುರಂತ ಅಂತಾರೆ. ಇಷ್ಟು ವರ್ಷ ನಾವು ಒಬ್ಬೊಬ್ರೇ ಸತ್ತಿದ್ದೇ ತಪ್ಪಾಗ್ಯತಿ. ಆದ್ರೆ ಒಬ್ರೂ ಬಿಡಂಗಿಲ್ಲ. ನಾಕು ಮಂದಿ ಹಿಂದೆ ಸರಿದ್ರೂ ಉಳ್ದೋರಿಗೆ ಜೈಲು.”

ಹುಸೇನ್‌ಬಿ ಕಣ್ಣೊರೆಸಿಕೊಂಡಳು. “ಬೇಟಾ, ನನ್ನ ಎದಿಯಾಗೆ ಏನೂ ಇಲ್ಲ. ಹತ್ತು ಬಂದ್ರೆ ಹೆಚ್ಚು. ನಾಚ್ಕಿ ಆಗ್ತತಿ ನಂಗೆ.”

ಹೊಸ್ತಿಲಲ್ಲಿ ಬಾಗಿ ಕೂತಿದ್ದ ರೇಣವ್ವ ಕೈ ಎತ್ತಿದಳು. ಅವಳು ಮಾತಾಡುವವರೆಗೆ ಎಲ್ಲರೂ ಕಾಯಬೇಕಾಯಿತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅಷ್ಟು ದೂರವಿತ್ತು.

“ನಾಚ್ಕಿ… ನಮಗ್ಯಾಕೆ ಹುಸೇನ್‌ಬಿ? ಊರಿಗೆಲ್ಲ… ಮಂಡಕ್ಕಿ ತಿನ್ನಿಸಿದ್ದು ನಾವು. ಅವ್ರ ಮದುವಿ, ಅವ್ರ ಸಂತಿ, ಅವ್ರ ಸಂಜಿ ಚಾ… ಎಲ್ಲದಕ್ಕೂ ನಮ್ಮೆದಿ ಸುಟ್ಟೀವಿ. ನಾವು ಹೊತ್ತಿದ್ದು… ಯಾವ ಚೀಟಿಯಾಗೆ ಬರ್ತತಿ? ನಂದು ನಾನೇ ಊದ್ತೀನಿ. ಮೊದಲ್ನೇ ಪಾಳಿ ನಂದು.”

*

ಸೋಮವಾರ ದುರುಗೇಶ ಪರದೆಯ ಹಿಂದೆ ನಿಂತಿದ್ದ. ಬಾಯಿ ಬಿಗಿಯಾಗಿ ಮುಚ್ಚಿ, ಕೈ ಹಿಂದೆ ಕಟ್ಟಿಕೊಂಡಿದ್ದ.

ರೇಣವ್ವ ಕ್ವಿಂಟಲ್ ಭಾರದ ಚೀಲ ಎತ್ತುವವಳಂತೆ ಸೊಂಟಕ್ಕೆ ಸೆರಗು ಬಿಗಿದು, ಕೊಳವೆ ಕಚ್ಚಿ ಊದಿದಳು. ಗಾಳಿಗಿಂತ ಸಿಳ್ಳೆಯೇ ಹೆಚ್ಚು ಬಂತು. ಹತ್ತೊಂಬತ್ತು. ಅವಳ ಕಣ್ಣಿನ ಕೊನೆಯಲ್ಲಿ ನೀರಿತ್ತು. ಕೊಳವೆಯನ್ನು ಕಿತ್ತುಕೊಂಡು ಊದಿಬಿಡಬೇಕೆಂದು ಅವನ ಎದೆ ಚಡಪಡಿಸಿತು. ಅವಳು ಕಣ್ಣಲ್ಲೇ ಗದರಿದಳು.

ಹೊರಗಿನ ಗುಮಾಸ್ತ, “ಮಿಷನ್ ಕೆಟ್ಟಿದೆಯಾ?” ಎಂದ.

ಹುಸೇನ್‌ಬಿ ಇಪ್ಪತ್ತಮೂರು. “ಅರೆ, ಇನ್ನೂ ಇಷ್ಟು ಐತಾ!” ಎಂದು ಆಶ್ಚರ್ಯಪಟ್ಟಳು. ಅವಳ ಹಿಂದಿನವನು ಇಪ್ಪತ್ತಾರು. ಆಮೇಲಿನವಳು ಮೂವತ್ತೆರಡು, ವಯಸ್ಸು ಇಪ್ಪತ್ತೊಂದು. ಕೆಮ್ಮನ್ನು ಇಷ್ಟು ವರ್ಷ ದಿಂಬಿನಲ್ಲಿ, ಸೆರಗಿನಲ್ಲಿ, ಅಂಗೈಯಲ್ಲಿ ಬಚ್ಚಿಟ್ಟವರು ಅಂದು ಬಹಿರಂಗವಾಗಿ, ಭವನದ ತಗಡು ನಡುಗುವಂತೆ ಕೆಮ್ಮಿದರು. ಯಾರೂ ಹಿಂದೆ ಸರಿಯಲಿಲ್ಲ. ಮೂರು ದಿನದ ಕೆಲಸವನ್ನು ಒಂದೇ ದಿನಕ್ಕೆ ಮುಗಿಸುತ್ತೇವೆಂದು ಸಾಲು ಕದಲದೆ ನಿಂತರು. ಇಮಾಮ್‌ಸಾಬಿಯ ಮಗಳು ಕೊನೆಗೆ ಬಂದಳು. ಮೂವತ್ತೆಂಟು. ಅವಳಿಗೆ ಹತ್ತೊಂಬತ್ತು ವರ್ಷ.

ಗುಮಾಸ್ತನ ಪೆಟ್ಟಿಗೆ ಕೂಗಿಕೊಳ್ಳತೊಡಗಿತು. ಬೆಂಗಳೂರಿನ ಗೋಡೆಯ ಮೇಲೆ ನೀಲಿ ಚುಕ್ಕೆ ಕಪ್ಪಾಗಿರಬೇಕು. ನಲವತ್ತಲ್ಲ, ಮೂವತ್ತೈದೇ ನಿಮಿಷಕ್ಕೆ ಸೈರನ್ ಕೇಳಿಸಿತು. ನಾಲ್ಕು ಲಾರಿ, ಎರಡು ಆಂಬುಲೆನ್ಸು. ಮೈತುಂಬ ಹಳದಿ ಅಂಗಿ, ಮುಖಕ್ಕೆ ಹಂದಿಮೂತಿಯಂಥ ಮಾಸ್ಕು ಹಾಕಿದವರು ದಡದಡ ಇಳಿದರು.

“ಎಲ್ಲಿ ಸೋರಿದ್ದು? ಎಷ್ಟು ಹೊತ್ತಾಯ್ತು?”

“ಮೂವತ್ತು ವರ್ಷ ಆತು” ಎಂದ ದುರುಗೇಶ.

ಅವರಿಗೆ ಅದೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ರೇಣವ್ವನನ್ನು ಎತ್ತಿ ಲಾರಿಯ ಬೆಂಚಿನ ಮೇಲೆ ಕೂರಿಸಿ ನಳಿಕೆ ಹಾಕಿದರು. ಹುಸೇನ್‌ಬಿಗೆ ಹಾಕಿದರು. ಆರು ಕುರ್ಚಿ ಕೊಡಲಾರೆನೆಂದ ಸರ್ಕಾರ ನೂರೈವತ್ತು ನಳಿಕೆ ತಂದಿತ್ತು.

ಸಂಜೆಗೆ ಜಯಸಿಂಹರೇ ಬಂದಿಳಿದರು. ಹಳದಿ ಅಂಗಿಯವರು ಗಾಳಿ ಮೂಸಿ ಅಳೆಯುವ ಯಂತ್ರ ಹಿಡಿದು ಮೂವತ್ತೂ ಚಿಮಣಿಗಳ ಕೆಳಗೆ ಅಡ್ಡಾಡುತ್ತಿದ್ದರು. ಮೇಲೆ ಟೈರಿನ ಹೊಗೆ ಎಮ್ಮೆಗಳಂತೆ ಉರುಳುತ್ತಿತ್ತು. ಯಂತ್ರ ಒಂದೇ ಮಾತು ಹೇಳುತ್ತಿತ್ತು.

“ಮಾಮೂಲು, ಸಾರ್. ಈ ಸಾಲಿಗೆ ನಿರಪಾಯ ಅಂತ ಯಾವ ಪ್ರಮಾಣ ನಿಗದಿಯಾಗಿದೆಯೋ ಅದರೊಳಗೇ ಇದೆ.”

“ಎಲ್ಲ ಕಡೆ ನೋಡಿದ್ರಾ?”

“ಎಲ್ಲ ಕಡೆ ಮಾಮೂಲು, ಸಾರ್.”

ಜಯಸಿಂಹ ದುರುಗೇಶನನ್ನು ಪಕ್ಕಕ್ಕೆ ಕರೆದರು. ದನಿ ಈಗ ಮೆತ್ತಗಿರಲಿಲ್ಲ. “ಹೋದ ವರ್ಷಗಳದ್ದೆಲ್ಲ ಯಾರು ಊದಿದ್ದು?”

“ಅವು ಸುಳ್ಳು ಅಂತೀರೇನು ಸಾರ್?”

“ಹಾಗಲ್ಲದೆ ಮತ್ತೇನು!”

“ಹಂಗಾದ್ರೆ ವರದಿನೂ ಸುಳ್ಳು. ಈ ಹೊಗಿ ಕೊಲ್ತತಿ ಅಂತ ನಿಮ್ಮ ಕೈಯಾರೆ ಬರ್ದು, ಸಹಿ ಹಾಕ್ರಿ. ಹನ್ನೆರಡು ಭಟ್ಟಿ ಅನುಮತಿ ಹರೀರಿ. ಇಮಾಮ್‌ಸಾಬಿ ಯಾತರಿಂದ ಸತ್ತ ಅಂತ ಅವ್ನ ಮಗಳಿಗೆ ಬರ್ಕೊಡ್ರಿ. ಅಷ್ಟು ಮಾಡ್ರಿ, ಯಾರು ಊದಿದ್ದು ಅಂತ ನಾನೇ ಹೇಳಿ, ನಿಮ್ಮ ಜೀಪ್ ಹತ್ತಿ ಕೂರ್ತೀನಿ. ಇಲ್ಲಾಂದ್ರೆ ಹುಡುಕ್ರಿ. ಸಿಗೂವರೆಗೂ ಹುಡುಕ್ರಿ.”

ಜಯಸಿಂಹ ಅವನನ್ನು ನೋಡಿದರು, ಚಿಮಣಿಗಳನ್ನು ನೋಡಿದರು. ಏನು ಬರೆದರೂ ತಮ್ಮ ಕೊರಳಿಗೇ. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು, ಕಾರಿನೊಳಗೆ ಕೂತು, ಗಾಜು ಏರಿಸಿ ಫೋನು ಮಾಡತೊಡಗಿದರು. ಲಾರಿಗಳು ಅಲುಗಲಿಲ್ಲ.

ದುರುಗೇಶ ಲಾರಿಯ ಹತ್ತಿರ ಬಂದ. ರೇಣವ್ವನ ತುಟಿಗೆ ಬಣ್ಣ ಬಂದಿತ್ತು. ಕೆಳಗೆ ಒಬ್ಬ ಹಳದಿ ಅಂಗಿಯ ಹುಡುಗ ಯಂತ್ರವನ್ನು ಚಿಮಣಿಗೆ ಹಿಡಿದು, ಓದಿ, ಬರೆದುಕೊಳ್ಳುತ್ತಿದ್ದ.

“ಏನಂತಪ್ಪಾ ಅದು?” ಎಂದು ರೇಣವ್ವ ಕೇಳಿದಳು. ಉಸಿರು ನಿಲ್ಲಿಸದೆ, ಒಂದೇ ಸಲಕ್ಕೆ.

“ಮಾಮೂಲು ಅಮ್ಮ. ಏನೂ ತೊಂದರೆ ಇಲ್ಲ.”

“ತೊಂದ್ರೆ ಇಲ್ಲಾ?”

“ಇಲ್ಲಮ್ಮ.”

“ಹಂಗಾದ್ರೆ ನೀನ್ಯಾಕೆ ಮಾರಿಗೆ ಆ ಮಾಸ್ಕು ಕಟ್ಕಂಡೀಯಾ? ಮಾಮೂಲು ಅಂತಲ್ಲ. ತಗಿ.”

ಹುಡುಗ ಯಂತ್ರ ನೋಡಿದ. ಮೇಲೆ ಹೊಗೆ ನೋಡಿದ. ಬೆಂಚುಗಳ ಮೇಲೆ ಸಾಲಾಗಿ ಕೂತು ತನ್ನನ್ನೇ ನೋಡುತ್ತಿದ್ದ ನೂರ ಹದಿನೈದು ಜನರನ್ನು ನೋಡಿದ.

ತೆಗೆಯಲಿಲ್ಲ.